ನೇಕಾರನ ಹೆಂಡತಿಯ ನೆನಪು

"ಗುರುಗಳೇ, ರಿಮೆಂಬರ್ ಎನ್ನುವುದಕ್ಕೂ ರಿಮೈಂಡ್ ಎನ್ನುವುದಕ್ಕೂ ಏನು ವ್ಯತ್ಯಾಸ?" ಎಂದು ಮುರಿಗೇಶ ಕೇಳಿದ.

ಅವನು ಮಠದಲ್ಲಿದ್ದುಕೊಂಡು ಇಂಗ್ಲಿಷ್ ಪರೀಕ್ಷೆಗೆ ಓದುತ್ತಿದ್ದ. ಗುರುಗಳು ಕಾವಿ ತೊಡುವ ಮೊದಲು ಇಂಗ್ಲಿಷ್ ಮೇಷ್ಟ್ರಾಗಿದ್ದವರು.

"ನೀನು ಓದಿಕೊಂಡಿರುವುದನ್ನು ಹೇಳು" ಎಂದರು.

"ತನ್ನೊಳಗೇ ನೆನಪಿದ್ದರೆ ರಿಮೆಂಬರ್. ಇನ್ನೊಬ್ಬರಿಗೆ ನೆನಪು ತರಿಸಿದರೆ ರಿಮೈಂಡ್. ಒಬ್ಬರನ್ನು ಕಂಡು ಮತ್ತೊಬ್ಬರು ನೆನಪಾದರೆ ಅದರ ಜೊತೆಗೆ 'ಆಫ್' ಬರಬೇಕು. ಮಾಡಬೇಕಾದ ಕೆಲಸವನ್ನು ನೆನಪಿಸಿದರೆ 'ಟು' ಬರಬೇಕು. ಎಲ್ಲ ಬಾಯಿಗೆ ಬರುತ್ತದೆ. ಬರೆಯುವಾಗ ಮಾತ್ರ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತದೆ. ನಮಗೆ ನೆನಪು ಎಂಬ ಒಂದು ಮಾತು ಸಾಕಾಗಿದೆ. ಅವರಿಗೇಕೆ ಎರಡು ಬೇಕು?"

ಗುರುಗಳು ಅವನ ಕೈಯ ಪುಸ್ತಕವನ್ನು ಮುಚ್ಚಿಸಿ ಈ ಕತೆ ಹೇಳಿದರು.

ಕಂಬಳಿ ನೇಯುವವನೊಬ್ಬನಿದ್ದ. ಮಾಳಪ್ಪ ಎಂದು ಹೆಸರು. ಹೆಂಡತಿ ಉಣ್ಣೆ ನೂಲುತ್ತಿದ್ದಳು, ಅವನು ನೇಯುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ಮಾತೂ ಕಡಿಮೆ. ಅವನು ಕೇಳುವ ಮೊದಲೇ ಅವಳು ನೂಲಿನ ಉಂಡೆಯನ್ನು ಮಗ್ಗದ ಬಳಿ ತಂದಿಡುತ್ತಿದ್ದಳು. ಅಷ್ಟರಲ್ಲೇ ಇಬ್ಬರಿಗೂ ಸುಖವಿತ್ತು.

ಒಂದು ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂದು ತಲೆಗೇರಿತು. ಬದುಕುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದವಳು ಬದುಕಿದಳು. ಕಣ್ಣು ಬಿಟ್ಟವಳೇ, ಹಾಸಿಗೆಯ ಪಕ್ಕದಲ್ಲಿದ್ದ ಗಂಡನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದು ಕೂತಳು.

"ನೀವು ಯಾರ ಪೈಕಿ?" ಎಂದು ಕೇಳಿದಳು.

ವೈದ್ಯರು ಬಂದು ನೋಡಿ, "ದಿನವೂ ನೆನಪಿಸುತ್ತಿರು, ಬಂದರೂ ಬರಬಹುದು" ಎಂದು ಹೇಳಿ ಹೋದರು. ಆ ಒಂದು ಮಾತನ್ನು ಹಿಡಿದುಕೊಂಡು ಮಾಳಪ್ಪ ಬದುಕಿದ. ಬೆಳಗಾದರೆ ಅವಳ ಮುಂದೆ ಕೂತು ಹೇಳುತ್ತಿದ್ದ. ನಿನ್ನ ತವರು ಇಂಥದ್ದು, ನಮ್ಮ ಮದುವೆ ನಿಮ್ಮ ಸೋದರಮಾವನ ಹಟ್ಟಿಯಲ್ಲಿ ಆಯಿತು, ಧಾರೆಯ ಹೊತ್ತಿಗೆ ಕುರಿ ಬಿಚ್ಚಿಕೊಂಡು ಚಪ್ಪರದೊಳಗೆ ನುಗ್ಗಿ ಎಲ್ಲರೂ ನಕ್ಕರು, ನಾನು ಮಾಳಪ್ಪ, ನಿನ್ನ ಗಂಡ. ಅವಳು ಕಿವಿಗೊಟ್ಟು ಕೇಳುತ್ತಿದ್ದಳು. ಕೇಳಿ, ತಲೆಯಾಡಿಸಿ, ನೂಲಲು ಕೂರುತ್ತಿದ್ದಳು. ಅವಳ ಕೈಗೆ ನೂಲುವುದು ಮರೆತಿರಲಿಲ್ಲ.

ಒಂದು ದಿನ ಅವಳ ಅಕ್ಕ ಊರಿನಿಂದ ಬಂದಳು. ಮಾಳಪ್ಪನನ್ನು ತೋರಿಸಿ, "ಇವರು ಯಾರು ಹೇಳು?" ಎಂದು ಕೇಳಿದಳು.

"ಇವರು ಮಾಳಪ್ಪ. ನನ್ನ ಗಂಡ. ನಮ್ಮ ಮದುವೆ ಸೋದರಮಾವನ ಹಟ್ಟಿಯಲ್ಲಿ ಆಯಿತು. ಚಪ್ಪರದೊಳಗೆ ಕುರಿ ನುಗ್ಗಿತು" ಎಂದು ಅವಳು ತಡವರಿಸದೆ ಹೇಳಿದಳು.

ಅಕ್ಕ ಸಂತೋಷದಿಂದ ಅತ್ತಳು. ನೆರೆಮನೆಯವರನ್ನೆಲ್ಲ ಕೂಗಿ ಕರೆದಳು. ಮಾಳಪ್ಪ ಮಾತ್ರ ಎದ್ದು ಹಿತ್ತಿಲಿಗೆ ಹೋಗಿ ಗೋಡೆಗೆ ಒರಗಿ ನಿಂತ. ಮದುವೆಯಾದಂದಿನಿಂದ ಅವಳು ಒಂದು ಸಲವೂ ಅವನ ಹೆಸರು ಹೇಳಿದವಳಲ್ಲ. ಗಂಡನ ಹೆಸರು ಹೇಳು ಎಂದು ಯಾರಾದರೂ ಪೀಡಿಸಿದರೆ ಮುಖ ಮುಚ್ಚಿಕೊಂಡು ಒಳಗೆ ಓಡುತ್ತಿದ್ದಳು. ಈಗ ನಾಚಿಕೆಯಿಲ್ಲದೆ ಹೇಳಿಬಿಟ್ಟಳು. ಶಾಲೆಯ ಮಗು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. ತಾನು ಇಷ್ಟು ದಿನ ನೆನಪಿಸಿದ್ದು ನೆನಪಾಗಿಲ್ಲ, ಬರೀ ಪಾಠವಾಗಿದೆ ಎಂದು ಅವನಿಗೆ ತಿಳಿಯಿತು.

ಮರುದಿನದಿಂದ ಅವನು ಹೇಳುವುದನ್ನು ನಿಲ್ಲಿಸಿದ. ಸುಮ್ಮನೆ ನೇಯ್ದ. ಅವಳು ಸುಮ್ಮನೆ ನೂತಳು. ಸಂಜೆ ಅವಳೇ ಮಾತು ತೆಗೆದಳು.

"ತಪ್ಪು ತಿಳಿಯಬೇಡಿ. ನೀವು ಹೀಗೆ ಮಗ್ಗಕ್ಕೆ ಕೂತರೆ ನನಗೆ ನಮ್ಮ ಯಜಮಾನರ ನೆನಪಾಗುತ್ತೆ. ಅವರೂ ಹೀಗೇ ಸ್ವಲ್ಪ ಎಡಕ್ಕೆ ವಾಲಿಕೊಂಡು ಕೂರೋರು."

ಮಾಳಪ್ಪನ ಕೈಯಲ್ಲಿದ್ದ ಲಾಳಿ ನಿಂತಿತು.

"ಸಂತೆಗೆ ಹೋದವರು, ಇನ್ನೂ ಬಂದಿಲ್ಲ. ನೀವು ಆ ಕಡೆ ಹೋದರೆ ಬೇಗ ಮನೆಗೆ ಬರೋದಕ್ಕೆ ಸ್ವಲ್ಪ ನೆನಪು ಮಾಡ್ತೀರಾ? ವ್ಯಾಪಾರಕ್ಕೆ ಕೂತರೆ ಅವರಿಗೆ ಹೊತ್ತು ಹೋದದ್ದೇ ತಿಳಿಯೋದಿಲ್ಲ."

"ಆಗಲಿ ತಾಯಿ, ಹೇಳ್ತೀನಿ" ಎಂದ ಮಾಳಪ್ಪ.

ಸಂತೆಯ ದಿನ ಅವನು ಕಂಬಳಿಗಳನ್ನು ಹೊತ್ತು ಹೋದ. ಒಂದನ್ನೂ ಮಾರಲಿಲ್ಲ. ಸಂತೆಯ ಅಂಚಿನಲ್ಲಿ ಬಿಸಿಲು ಇಳಿಯುವವರೆಗೆ ಕೂತಿದ್ದು ಮನೆಗೆ ಬಂದ. ಹಿಂದೆಲ್ಲ ಸಂತೆಯಿಂದ ಬಂದಾಗ ಕೂಗುತ್ತಿದ್ದಂತೆಯೇ ಹೊರಗಿನಿಂದ, "ಏ, ಬಂದೆ ಕಣೇ" ಎಂದು ಕೂಗಿದ. ಒಳಗೆ ಅವಳು ದಡಬಡಿಸಿ ಎದ್ದ ಸದ್ದಾಯಿತು. ಚೆಂಬಿನಲ್ಲಿ ನೀರು ತುಂಬಿಕೊಂಡು ಓಡಿಬಂದಳು. ಅಷ್ಟು ಅರಳಿದ ಮುಖವನ್ನು ಅವನು ಜ್ವರ ಬಂದ ಮೇಲೆ ಕಂಡಿರಲಿಲ್ಲ. ಅವನನ್ನು ನೋಡಿದೊಡನೆ ಆ ಮುಖ ಬಾಡಿತು.

"ಓ, ನೀವಾ" ಎಂದಳು. ಚೆಂಬನ್ನು ಕೆಳಗಿಟ್ಟು, ಅವನ ಬೆನ್ನ ಹಿಂದಿನ ದಾರಿಯನ್ನು ನೋಡಿದಳು. "ಅವರು ಸಿಕ್ಕಿದರಾ?"

"ಸಿಕ್ಕಿದರು. ಬರ್ತಾರಂತೆ."

ಆಮೇಲೆ ಪ್ರತಿ ಸಂಜೆ ಅವಳು ಕೇಳಿದಳು, ಪ್ರತಿ ಸಂಜೆ ಅವನು ಬರ್ತಾರೆ ಎಂದ. ಚಳಿಗಾಲದಲ್ಲಿ ಜ್ವರ ಮರುಕಳಿಸಿತು. ಈ ಸಲ ಅವಳು ಉಳಿಯಲಿಲ್ಲ. ಬಾಯಿಗೆ ನೀರು ಬಿಟ್ಟ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಬಾಗಿಲ ಕಡೆಗೆ ನೋಡುತ್ತಲೇ ಪ್ರಾಣ ಬಿಟ್ಟಳು.

ಗುರುಗಳು ಕತೆ ನಿಲ್ಲಿಸಿದರು. ಮುರಿಗೇಶ, "ಹಾಗಾದರೆ ಕೊನೆಗೂ ಅವಳು ಗಂಡನನ್ನು ಮರೆತೇ ಹೋದಳಲ್ಲ, ಗುರುಗಳೇ" ಎಂದ.

"ಇಲ್ಲ ಮಗು, ಗಂಡನನ್ನು ಅವಳು ಉಸಿರಿರುವ ತನಕ ರಿಮೆಂಬರ್ ಮಾಡಿದಳು, ಕೈ ಹಿಡಿದು ಕೂತವನು ಅವಳಿಗೆ ಆ ಗಂಡನನ್ನು ಬರೀ ರಿಮೈಂಡ್ ಮಾಡಿದ."