ಸೀಗೆ ಹುಣ್ಣಿಮೆಯ ಎಡೆ

"ಗುರುಗಳೇ, ಬಿಳಿಯರು ನಮ್ಮ ಹೊಲಗಳನ್ನು ಹೊತ್ತುಕೊಂಡು ಹೋಗಲಿಲ್ಲ. ಅವರು ಬರುವಾಗ ಹೊಲ ಎಲ್ಲಿತ್ತೋ ಹೋಗುವಾಗಲೂ ಅಲ್ಲೇ ಇತ್ತು. ಹಾಗಾದರೆ ರೈತ ಕಳೆದುಕೊಂಡದ್ದು ಏನನ್ನು?"

ಮಠದ ಹಿತ್ತಲಿನಲ್ಲಿ ಬದನೆ ಸಾಲಿನ ಕಳೆ ಕೀಳುತ್ತಿದ್ದ ಶಿಷ್ಯ ಹೀಗೆ ಕೇಳಿದ. ಕಿತ್ತು ಹಾಕಿದ ಹಸಿರು ಅವನ ಪಕ್ಕದಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಗುರುಗಳು ಬೇವಿನ ಕಟ್ಟೆಯ ಮೇಲೆ ಕುಳಿತು ಕತೆ ಹೇಳಿದರು.

ಎರೆನೆಲದ ಸೀಮೆಯಲ್ಲಿ ಒಬ್ಬ ರೈತನಿದ್ದ. ಅವನ ಹೊಲದಲ್ಲಿ ಜೋಳ, ಜೋಳದ ನಡುವೆ ತೊಗರಿ, ಎಳ್ಳು, ಪುಂಡಿ. ಬಿತ್ತದೆಯೂ ಬರುವ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿ, ಗೋಳಿ ಸೊಪ್ಪು ಬುಡದಲ್ಲಿ ಹರಡಿರುತ್ತಿದ್ದವು. ಹೊಸಬರ ಕಣ್ಣಿಗೆ ಅದು ಸಂತೆ ಚೆಲ್ಲಿದ ಹಾಗೆ. ರೈತ ಮಾತ್ರ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದ. ಸೀಗೆ ಹುಣ್ಣಿಮೆಗೆ ಭೂಮಿತಾಯಿ ಬಸುರಿ ಎಂದು ಆ ಸೀಮೆಯವರ ನಂಬಿಕೆ. ಬಸುರಿ ಎಂದ ಮೇಲೆ ಬಯಕೆ ಇರಬೇಕಲ್ಲ! ಅಂದು ಹೊಲಕ್ಕೆ ಊಟ ಒಯ್ದು ಆಕೆಗೆ ಎಡೆ ಇಡುತ್ತಾರೆ. ಎಡೆಯಲ್ಲಿರುವುದೆಲ್ಲ ಆ ಹೊಲದ್ದೇ ಆಗಿರಬೇಕು ಎಂಬುದು ಇವನ ಮನೆಯ ಪದ್ಧತಿ.

ಒಂದು ವರ್ಷ ಬಿಳಿಯ ಅಧಿಕಾರಿಯೊಬ್ಬ ಕುದುರೆಯೇರಿ ಬಂದ. ಅವನ ದೇಶದ ಗಿರಣಿಗಳಿಗೆ ಹತ್ತಿ ಬೇಕಾಗಿತ್ತು. ಹೊಲ ನೋಡಿ ಮೂಗು ಮುರಿದ.

"ಹತ್ತಿ ಒಂದನ್ನೇ ಬೆಳೆ. ಉಳಿದದ್ದೆಲ್ಲ ಕಳೆ" ಎಂದ.

ರೈತನಿಗೆ ಮನಸ್ಸಿರಲಿಲ್ಲ. ಆದರೆ ಕಂದಾಯವನ್ನು ರೊಕ್ಕದಲ್ಲೇ ಕಟ್ಟಬೇಕಿತ್ತು, ರೊಕ್ಕ ಬರುತ್ತಿದ್ದುದು ಹತ್ತಿಗೆ. ಮೊದಲ ಸಲ ಅಧಿಕಾರಿಯ ಜವಾನ ಎದುರಿಗೆ ನಿಂತು ಕಳೆ ಕೀಳಿಸಿದ. ಕೀಳುವಾಗ ರೈತನ ಕಣ್ಣು ತುಂಬಿ ಬಂತು. ಮುಂದಿನ ವರ್ಷ ಜವಾನ ಬರಲಿಲ್ಲ, ರೈತನೇ ಕಿತ್ತ. ಹತ್ತಿಗೆ ಧಾರಣೆ ಏರಿದಾಗ ಅವನ ಮೀಸೆಯೂ ಏರಿತು.

"ಏನಪಾ, ಹೊಲದಾಗ ಬರೇ ಕಳೀನ ಬೆಳಸೀಯಲ್ಲ!" ಎಂದು ಪಕ್ಕದ ಹೊಲದವನನ್ನು ನೋಡಿ ನಕ್ಕ. ನಾಚಿಕೆಯಾಗಿ ಅವನೂ ಹತ್ತಿ ಹಾಕಿದ. ಅಧಿಕಾರಿ ವರ್ಗವಾಗಿ ಎಲ್ಲಿಗೋ ಹೋದ. ಊರಿಗೆ ಊರೇ ಹತ್ತಿ ಬೆಳೆಯಿತು.

ಆ ದಿನಗಳಲ್ಲಿ ರೈತನ ಹೆಂಡತಿ ಬಸುರಿಯಾದಳು. ಬಹುಕಾಲ ಹರಕೆ ಹೊತ್ತ ಮೇಲೆ ನಿಂತ ಗರ್ಭ. ಸಂತೋಷಕ್ಕೆ ಅವನಿಗೆ ನೆಲ ಕಾಣಲಿಲ್ಲ. ಧಾರಣೆ ಇನ್ನೂ ಏರಲಿ ಎಂದು ಬಿಡಿಸಿದ ಹತ್ತಿಯನ್ನೆಲ್ಲ ಮನೆಯಲ್ಲೇ ಒಟ್ಟಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ, ಅದೂ ಬಿಳಿಯರ ನಾಡಿನಿಂದ ಬಂದ ಬಟ್ಟೆಯಲ್ಲಿ.

ಬೆಳ್ಳಗಿರುವುದೆಲ್ಲ ಹಾಲಲ್ಲ. ಕಡಲಾಚೆ ಎಲ್ಲೋ ಒಂದು ಯುದ್ಧ ನಿಂತಿತು, ಯುದ್ಧದಿಂದ ತಡೆದಿದ್ದ ಅಲ್ಲಿಯ ಹತ್ತಿ ಗಿರಣಿಗಳಿಗೆ ಮತ್ತೆ ಸಿಕ್ಕಿತು. ಇವನ ಹತ್ತಿಯನ್ನು ಕೇಳುವವರೇ ಇಲ್ಲ. ಮನೆ ತುಂಬ ಹತ್ತಿ, ಮಡಕೆಯಲ್ಲಿ ಕಾಳಿಲ್ಲ. ಕೈಗಡ ಕೇಳೋಣವೆಂದರೆ ಯಾರ ಮನೆಯಲ್ಲೂ ಜೋಳವಿಲ್ಲ. ಮಳೆ ಬಂದಾಗ ಬಿತ್ತಲು ಉಳಿದಿದ್ದುದೂ ಹತ್ತಿಯ ಬೀಜವೇ. ಅದನ್ನೇ ಬಿತ್ತಿದ.

ತುಂಬು ಬಸುರಿ ಹಸಿದುಕೊಂಡು ಹತ್ತಿಯ ರಾಶಿಗೆ ಒರಗಿರುತ್ತಿದ್ದಳು.

"ಒಂದು ಜ್ವಾಳದ ರೊಟ್ಟಿ, ಅದರ ಮ್ಯಾಲ ಒಂದೀಟು ಹಕ್ಕರಕಿ. ಅಷ್ಟ ಸಾಕು ನನಗ" ಎಂದಳು.

ಸೀಗೆ ಹುಣ್ಣಿಮೆ ಬಂತು. ರೈತ ಎಡೆಯಿಲ್ಲದೆ, ಕುಡಿಯುವ ನೀರನ್ನಷ್ಟೇ ಹಿಡಿದು ಹೊಲಕ್ಕೆ ಹೋದ. ಹತ್ತಿಯ ಸಾಲಿನ ಅಂಚಿನಲ್ಲಿ ಕುಳಿತವನಿಗೆ ಹಸಿವಿಗೋ ದಣಿವಿಗೋ ಜೊಂಪು ಹತ್ತಿತು. ಕನಸಿನಲ್ಲಿ ಹೊಲವೆಲ್ಲ ಬೆಳ್ಳಗೆ ಅರಳಿತ್ತು. ಗಾಳಿಯಿಲ್ಲದಿದ್ದರೂ ಹತ್ತಿ ಮೆಲ್ಲಗೆ ಮೇಲೇಳುತ್ತಿತ್ತು. ಹಕ್ಕಿಗಳು ಕೂರಲು ತೆನೆಯಿಲ್ಲದೆ ಸದ್ದಿಲ್ಲದೆ ಸುತ್ತುತ್ತಿದ್ದವು. ನಡುವೆ ಒಬ್ಬ ಬಸುರಿ ಕುಳಿತಿದ್ದಳು. ಮುಖ ಅವನ ಹೆಂಡತಿಯದು, ಮೈಬಣ್ಣ ಎರೆಮಣ್ಣಿನದು. ಆಕೆ ಉಡಿ ಒಡ್ಡಿದಳು. ರೈತ ಹತ್ತಿ ತುಂಬಿದ. ಆಕೆ ಒಂದು ಹಿಡಿ ಬಾಯಿಗಿಟ್ಟು ಅಗಿದಳು, ಅಗಿದೇ ಅಗಿದಳು. ನುಂಗಲಾಗಲಿಲ್ಲ. ಬಾಯಿ ತುಂಬಿದ್ದರಿಂದ ಮಾತೂ ಬರಲಿಲ್ಲ. ಅವನನ್ನೇ ನೋಡಿದಳು.

ಎಚ್ಚರವಾದಾಗ ಅವನ ಮುಷ್ಟಿಯಲ್ಲಿ ಏನೋ ಇತ್ತು. ಯಾವುದೋ ಹಕ್ಕಿ ಉದುರಿಸಿದ ಕಾಳಿನಿಂದ ಹುಟ್ಟಿದ್ದ ಒಂದು ಜೋಳದ ಸಸಿ. ಅದರ ಬುಡಕ್ಕೆ ಅಂಟಿಕೊಂಡು ಒಂದಿಷ್ಟು ಹಕ್ಕರಕಿ. ಎರಡನ್ನೂ ಅವನ ಕೈ ನಿದ್ದೆಯಲ್ಲೇ ಬೇರುಸಹಿತ ಕಿತ್ತಿತ್ತು. ಕೀಳು ಎಂದು ಯಾರೂ ಹೇಳಿರಲಿಲ್ಲ.

ರೈತ ಗೊಳೋ ಎಂದು ಅತ್ತ. ಬೆರಳಿನಿಂದಲೇ ಮಣ್ಣು ತೋಡಿ ಸಸಿಯನ್ನು ಮತ್ತೆ ಊರಿದ. ಕುಡಿಯಲು ತಂದಿದ್ದ ನೀರನ್ನೆಲ್ಲ ಹೊಯ್ದ. ಹಕ್ಕರಕಿಯನ್ನು ಹೆಂಡತಿಗೆ ಒಯ್ದು ಕೊಟ್ಟ. ಆಕೆ ಬಾಯಿಗಿಡುವ ಮೊದಲು ಕೇಳಿದಳು.

"ಭೂಮಿತಾಯಿಗೆ ಎಡಿ ಇಟ್ಟು ಬಂದ್ಯಾ?"

"ಜ್ವಾಳದ ಸಸಿ ನಟ್ಟು ಬಂದೀನಿ" ಎಂದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆ ಸಸಿ ಬದುಕಿತೇ ಗುರುಗಳೇ? ಆ ತಾಯಿ, ಆ ಮಗು?"

ಗುರುಗಳು ಅವನ ಪಕ್ಕದ ಹಸಿರು ಗುಡ್ಡೆಯ ಕಡೆಗೆ ಕೈ ತೋರಿಸಿದರು.

"ನೀನು ಕಿತ್ತು ಹಾಕಿರುವುದರಲ್ಲಿ ಒಂದರ ಹೆಸರು ಹೇಳು, ನೋಡೋಣ."

ಶಿಷ್ಯ ಮಣ್ಣುಗೈಯಲ್ಲಿ ಗುಡ್ಡೆಯಿಂದ ಒಂದು ಗಿಡ ಎತ್ತಿಕೊಂಡು, "ಎಲ್ಲವನ್ನೂ ಕಳೆ ಎಂದೇ ಕಿತ್ತೆ ಗುರುಗಳೇ. ಇದರ ಹೆಸರೇನು?" ಎಂದು ಕೇಳಿದ.