ನೀಳಪ್ಪನ ಹತ್ತು ಹೆಜ್ಜೆ

ಕುರುಚಲು ಕಾಡಿನ ನಡುವೆ ಒಂದು ಕೆರೆ ಇತ್ತು. ಯಾರೋ ಕಟ್ಟಿಸಿದ ಕೆರೆಯಲ್ಲ. ಮಳೆನೀರು ತಗ್ಗಿಗೆ ಹರಿದು ಬಂದು ತಾನಾಗಿ ನಿಂತ ಕೆರೆ. ಮಕ್ಕಳೇ, ಅದರ ಆಕಾರವನ್ನು ಮೊದಲೇ ತಿಳಿದುಕೊಳ್ಳಿ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಿಮ್ಮ ಅಡುಗೆಮನೆಯ ಅಗಲವಾದ ಬೋಗುಣಿಯನ್ನು ನೆನಪಿಸಿಕೊಳ್ಳಿ. ಅದು ಅಂಚಿನಿಂದ ನಡುವಿಗೆ ಒಂದೇ ಸಮನೆ ಓರೆಯಾಗಿ ಇಳಿಯುತ್ತದಲ್ಲವೇ? ಕೆರೆಯೂ ಹಾಗೆಯೇ ಇತ್ತು.

ಕೆರೆಯ ಒಂದು ಕಡೆ ಮಣ್ಣಿನ ದಿಬ್ಬ. ನೀರು ಆಚೆ ಹರಿದುಹೋಗದಂತೆ ತಡೆದಿದ್ದದ್ದು ಆ ದಿಬ್ಬ. ದಿಬ್ಬದ ಮಣ್ಣನ್ನು ಹಿಡಿದಿದ್ದದ್ದು ಜೊಂಡುಹುಲ್ಲಿನ ಬೇರು. ಅಂದರೆ ಬೇರು ಹೋದರೆ ಮಣ್ಣು ಹೋಗುತ್ತದೆ, ಮಣ್ಣು ಹೋದರೆ ನೀರು ಹೋಗುತ್ತದೆ. ಇಷ್ಟನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ಬುದ್ಧಿ ಬೇಕಾಗಿಲ್ಲ. ಆದರೂ ಅರ್ಥ ಮಾಡಿಕೊಳ್ಳದವರು ಇದ್ದರು.

ಜೊಂಡಿನ ನಡುವೆ ಪುಕ್ಕಿ ಎಂಬ ಹುಂಡುಕೋಳಿ, ಅಂದರೆ ನೀರಂಚಿನಲ್ಲಿ ಬದುಕುವ ಸಣ್ಣ ಹಕ್ಕಿ, ಗೂಡು ಕಟ್ಟಿದ್ದಳು. ಮಳೆಗಾಲ ಆಗಷ್ಟೇ ಮುಗಿದಿತ್ತು. ಗೂಡಿನ ಸುತ್ತ ನರಿಯ ಎದೆಮಟ್ಟಕ್ಕೆ ನೀರು. ಗೂಡಿನಲ್ಲಿ ಐದು ಮೊಟ್ಟೆ. ನೀರು ಇರುವ ತನಕ ನರಿ ಅಲ್ಲಿಗೆ ಬರುವುದಿಲ್ಲ, ಮೊಟ್ಟೆಗಳು ಕ್ಷೇಮ. ಮರಿ ಹೊರಬರಲು ಮೂರು ವಾರ ಬೇಕು. ಪುಕ್ಕಿಗೆ ಬೇಕಾಗಿದ್ದದ್ದು ಆ ಮೂರು ವಾರ, ಅಷ್ಟೇ.

ಕಾವು ಕೂತ ಮೂರನೆಯ ದಿನ ಕೋರೆಯಣ್ಣ ಎಂಬ ಕಾಡುಹಂದಿ ದಿಬ್ಬಕ್ಕೆ ಬಂದ. ಜೊಂಡಿನ ಬುಡದಲ್ಲಿ ಸಿಹಿಯಾದ ಗಡ್ಡೆ ಇರುತ್ತದೆ. ಕೋರೆಯಣ್ಣ ಮೂತಿ ಹಾಕಿ ದಿಬ್ಬವನ್ನು ಬಗೆಯತೊಡಗಿದ. ಸಂಜೆಯ ಹೊತ್ತಿಗೆ ದಿಬ್ಬದಲ್ಲಿ ಒಂದು ಕೊರಕಲು ಬಿದ್ದು, ಅದರಲ್ಲಿ ನೀರು ಸಣ್ಣಗೆ ಆಚೆ ಜಿನುಗತೊಡಗಿತು.

ಪುಕ್ಕಿ ಗೂಡಿನಿಂದ ಇಳಿದು ಅವನ ಬಳಿ ಹೋದಳು. ಅವಳು ಆ ದಿನ ಬಹಳ ಮೆತ್ತಗೆ ಮಾತಾಡಿದಳು.

"ಅಣ್ಣಾ, ಗಡ್ಡೆ ಆ ಕಡೆ ಬಯಲಲ್ಲೂ ಇದೆ. ಇಲ್ಲಿ ಅಗೆದರೆ ನೀರು ಹೋಗುತ್ತದೆ. ನೋಡು, ಆಗಲೇ ಜಿನುಗುತ್ತಿದೆ."

"ಕೆರೆಯಲ್ಲಿ ಇಷ್ಟು ನೀರಿದೆ, ಒಂದು ತೊಟ್ಟು ಹೋದರೆ ಏನಾಯಿತು?" ಎಂದ ಕೋರೆಯಣ್ಣ ಅಗಿಯುತ್ತಲೇ. "ಅಗೆಯಬಾರದು ಅಂದಿದ್ದರೆ ದೇವರು ನನಗೆ ಕೋರೆ ಯಾಕೆ ಕೊಡುತ್ತಿದ್ದ? ಗಡ್ಡೆ ಮಣ್ಣಿನೊಳಗೆ ಇಟ್ಟಿರುವುದೇ ನನ್ನಂಥವನು ತೆಗೆದು ತಿನ್ನಲಿ ಅಂತ. ನಿನಗೆ ಕೋರೆ ಇಲ್ಲ, ಅದಕ್ಕೆ ನಿನಗೆ ಹೊಟ್ಟೆಯುರಿ."

ಕೋರೆಯಣ್ಣ ಹೀಗೆ ಹೇಳಿದ್ದು ಕೆಟ್ಟತನಕ್ಕಲ್ಲ. ಅವನು ನಿಜವಾಗಿಯೂ ಹಾಗೇ ನಂಬಿದ್ದ. ಜಗತ್ತಿನಲ್ಲಿ ಇರುವುದೆಲ್ಲ ತನ್ನ ಮೂತಿಯ ಮುಂದೆ ಇಟ್ಟ ಊಟ ಎಂದು ಚಿಕ್ಕಂದಿನಿಂದ ನಂಬಿದವನು ಅವನು. ಕೆಟ್ಟವನಾಗಿದ್ದರೆ ಹೆದರಿಸಿ ಓಡಿಸಬಹುದಿತ್ತು. ನಂಬಿದವನನ್ನು ಏನು ಮಾಡುವುದು?

ಪುಕ್ಕಿ ಚಿಪ್ಪಜ್ಜನ ಬಳಿ ಹೋದಳು. ಚಿಪ್ಪಜ್ಜ ಆ ಕೆರೆಯ ಅತಿ ಹಿರಿಯ ಆಮೆ. ಅವನು ಮಾತಾಡಿದರೆ ಹಂದಿಯೂ ಕೇಳುತ್ತಿತ್ತು. ಆದರೆ ಅವನು ಮಾತಾಡಬೇಕಲ್ಲ.

"ಮಗಳೇ, ನಾನು ಎಂಬತ್ತು ಬೇಸಿಗೆ ನೋಡಿದವನು," ಎಂದ ಚಿಪ್ಪಜ್ಜ ಕಣ್ಣು ಅರ್ಧ ಮುಚ್ಚಿಕೊಂಡು. "ನೀರು ಇಳಿಯುತ್ತದೆ, ಮತ್ತೆ ಏರುತ್ತದೆ. ಕೆರೆಗೆ ತನ್ನನ್ನು ತಾನು ನೋಡಿಕೊಳ್ಳುವುದು ಗೊತ್ತು. ನೀನು ಹೊಸದಾಗಿ ತಾಯಿಯಾಗಿದ್ದೀಯ, ಅದಕ್ಕೆ ಗಾಬರಿ."

"ಅಜ್ಜಾ, ಆ ಎಂಬತ್ತು ಬೇಸಿಗೆಯಲ್ಲಿ ಒಂದು ಸಲವಾದರೂ ದಿಬ್ಬ ಕೊರೆದುಹೋಗಿತ್ತಾ?"

ಚಿಪ್ಪಜ್ಜ ಯೋಚಿಸಿದ. "ಇಲ್ಲ," ಎಂದ. ಆಮೇಲೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡ. ನೀರು ಪೂರ್ತಿ ಹೋದರೂ ಅವನು ಕೆಸರಿನೊಳಗೆ ಹೂತುಕೊಂಡು ತಿಂಗಳುಗಟ್ಟಲೆ ಮಲಗಬಲ್ಲ. ಮಲಗಲು ಜಾಗ ಇರುವವನಿಗೆ ಎಲ್ಲ ಕಷ್ಟವೂ ಸಣ್ಣದಾಗಿಯೇ ಕಾಣುತ್ತದೆ.

ಈಗ ನೀಳಪ್ಪನ ವಿಷಯ ಹೇಳಬೇಕು. ನೀಳಪ್ಪ ಉದ್ದ ಕಾಲಿನ ಬೂದು ಕೊಕ್ಕರೆ. ಎಂಟು ದಿನಕ್ಕೊಮ್ಮೆ ಬೆಳಗ್ಗೆ ಕೆರೆಯ ನೀರನ್ನು ಅಳೆಯುವುದು ಅವನ ಮನೆತನದ ಕೆಲಸ. ಅಳೆಯುವ ರೀತಿ ಹೀಗೆ: ನೀರಿನ ಅಂಚಿನಲ್ಲಿ ನಿಲ್ಲಬೇಕು, ನಡುವಿನ ಕಡೆಗೆ ಹತ್ತು ಹೆಜ್ಜೆ ಹಾಕಬೇಕು, ನೀರು ಮೊಣಕಾಲಿಗೆ ಬಂದರೆ ಕೆರೆ ಸರಿಯಾಗಿದೆ ಎಂದು ಕೂಗಬೇಕು. ಆ ಕೂಗು ಕೇಳಿ ಎಲ್ಲರೂ ನೆಮ್ಮದಿಯಾಗಿ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.

ಅಳತೆಯ ದಿನ ಬಂತು. ಎಲ್ಲರೂ ಸೇರಿದರು. ಅಷ್ಟರಲ್ಲಿ ಕೊರಕಲು ದೊಡ್ಡದಾಗಿತ್ತು. ಹರಿಯುವ ನೀರು ಅದನ್ನು ತಾನೇ ಆಳ ಮಾಡುತ್ತಾ ಹೋಗುತ್ತಿತ್ತು. ಪುಕ್ಕಿಯ ಗೂಡಿನ ಸುತ್ತ ನೀರು ನರಿಯ ಎದೆಯಿಂದ ಪಾದಕ್ಕೆ ಇಳಿದಿತ್ತು.

ನೀಳಪ್ಪ ನೀರಿನ ಅಂಚಿನಲ್ಲಿ ನಿಂತು ಗಂಭೀರವಾಗಿ ಎಣಿಸಿದ. "ಒಂದು, ಎರಡು, ಮೂರು..." ಹತ್ತನೆಯ ಹೆಜ್ಜೆಗೆ ನಿಂತ. "ಮೊಣಕಾಲಿಗೆ ಇದೆ. ಕೆರೆ ಸರಿಯಾಗಿದೆ."

ಮಕ್ಕಳೇ, ಇಲ್ಲಿ ಆದ ತಪ್ಪು ನಿಮಗೆ ಹೊಳೆಯಿತೇ? ಬೋಗುಣಿಯನ್ನು ಮತ್ತೆ ನೆನಪಿಸಿಕೊಳ್ಳಿ. ಅದರಲ್ಲಿ ಅರ್ಧ ನೀರು ಚೆಲ್ಲಿದರೆ ನೀರಿನ ಅಂಚು ಒಳಗೆ ಸರಿಯುತ್ತದೆ. ಆ ಹೊಸ ಅಂಚಿನಿಂದ ಹತ್ತು ಹೆಜ್ಜೆ ಒಳಗೆ ಹೋದರೆ ಆಳ ಮತ್ತೆ ಮೊದಲಿನಷ್ಟೇ ಸಿಗುತ್ತದೆ, ಏಕೆಂದರೆ ಓರೆ ಎಲ್ಲ ಕಡೆಯೂ ಒಂದೇ. ಹಾಗಾಗಿ ಕೆರೆ ಎಷ್ಟೇ ಕುಗ್ಗಿದರೂ ನೀಳಪ್ಪನ ಮೊಣಕಾಲು ಒದ್ದೆಯಾಗುತ್ತಲೇ ಇತ್ತು.

ಪುಕ್ಕಿಗೆ ಇದು ಕಂಡಿತು, ಏಕೆಂದರೆ ಅವಳ ಗೂಡು ಅಂಚಿನ ಜೊತೆ ಸರಿಯುವುದಿಲ್ಲ. ಇದ್ದಲ್ಲೇ ಇರುತ್ತದೆ.

"ನೀಳಪ್ಪಣ್ಣ, ನಿಮ್ಮ ಅಜ್ಜ ಹೆಜ್ಜೆ ಹಾಕುತ್ತಿದ್ದದ್ದು ಆ ಮತ್ತಿಮರದ ಬುಡದಿಂದ," ಎಂದಳು. "ನೀರು ಆಗ ಅಲ್ಲಿತ್ತು. ಈಗ ಮರ ಎಲ್ಲಿದೆ, ನೀವು ಎಲ್ಲಿದ್ದೀರಿ, ತಿರುಗಿ ನೋಡಿ."

ನೀಳಪ್ಪ ತಿರುಗಲಿಲ್ಲ. "ಅಜ್ಜ ನೀರಿನ ಅಂಚಿನಿಂದ ಅಂತ ಹೇಳಿದ್ದು. ಮರದಿಂದ ಅಂತ ಹೇಳಲಿಲ್ಲ. ಅಳೆಯುವವನು ನಾನೋ ನೀನೋ?"

"ನನ್ನ ಗೂಡಿನ ಕೆಳಗೆ ನೆಲ ಕಾಣುತ್ತಿದೆ."

"ನಿನ್ನ ಗೂಡು ಕೆರೆಯಲ್ಲವಲ್ಲ ತಾಯಿ," ಎಂದ ಕೋರೆಯಣ್ಣ. ಕೆಲವರು ನಕ್ಕರು. ನಕ್ಕವರಿಗೂ ಅದೇ ಕೆರೆಯ ನೀರು ಬೇಕಾಗಿತ್ತು ಎಂಬುದನ್ನು ನೀವು ಮರೆಯಬಾರದು.

ಆಗ ಪುಕ್ಕಿಯ ಮೆತ್ತಗಿನ ದನಿ ಹೋಯಿತು. "ಹಂದಿಗೆ ಕೆರೆ ಅಂದರೆ ಗಡ್ಡೆ," ಎಂದಳು. "ಅಜ್ಜನಿಗೆ ಕೆರೆ ಅಂದರೆ ಹಾಸಿಗೆ. ನಿಮಗೆ ಕೆರೆ ಅಂದರೆ ನಿಮ್ಮ ಕಾಲು. ಒಬ್ಬರಾದರೂ ದಿಬ್ಬಕ್ಕೆ ಬಂದು ಕೊರಕಲನ್ನು ಕಣ್ಣಾರೆ ನೋಡಿ. ಇಲ್ಲಿಂದ ಇಪ್ಪತ್ತು ಹೆಜ್ಜೆ. ಇವತ್ತು ಎಲ್ಲರೂ ಸೇರಿ ಕೆಸರು ತುಂಬಿದರೆ ಮುಚ್ಚಿಹೋಗುತ್ತದೆ."

"ನೋಡಿದಿರಾ ಹೇಗೆ ಕಿರುಚುತ್ತಾಳೆ," ಎಂದ ನೀಳಪ್ಪ. "ಇಂಥವರ ಮಾತು ಕೇಳುವುದು ಹೇಗೆ?"

ಯಾರೂ ಇಪ್ಪತ್ತು ಹೆಜ್ಜೆ ನಡೆಯಲಿಲ್ಲ.

ಪುಕ್ಕಿ ಒಬ್ಬಳೇ ಕೊಕ್ಕಿನಲ್ಲಿ ಕೆಸರು ತಂದು ಕೊರಕಲಿಗೆ ಹಾಕಿದಳು. ಹುಂಡುಕೋಳಿಯ ಕೊಕ್ಕಿನಲ್ಲಿ ಎಷ್ಟು ಕೆಸರು ಹಿಡಿಯುತ್ತದೆ? ನಿಮ್ಮ ಉಗುರಿನ ಮೇಲೆ ನಿಲ್ಲುವಷ್ಟು. ಅವಳು ಹಾಕಿದ್ದನ್ನು ನೀರು ಆಗಿಂದಾಗಲೇ ಕೊಚ್ಚಿಕೊಂಡು ಹೋಯಿತು.

ಅಳತೆಯಾದ ಐದನೆಯ ದಿನ ಮಧ್ಯಾಹ್ನ ನರಿ ಬಂತು. ಓಡಿ ಬರಲಿಲ್ಲ, ಅವಿತು ಬರಲಿಲ್ಲ. ಒಣಗಿದ ನೆಲದ ಮೇಲೆ ನಡೆದು ಬಂತು. ಪುಕ್ಕಿ ಅದರ ಕಣ್ಣಿಗೆ ಕುಕ್ಕಿದಳು, ರೆಕ್ಕೆ ಬಡಿದಳು, ಕಾಲಿಗೆ ಸಿಕ್ಕಿಕೊಂಡಳು. ನರಿ ಅವಳನ್ನು ಮೂತಿಯಿಂದ ಪಕ್ಕಕ್ಕೆ ತಳ್ಳಿ ಐದೂ ಮೊಟ್ಟೆ ತಿಂದು, ಕಾಲು ಒದ್ದೆ ಮಾಡಿಕೊಳ್ಳದೆ ಹೊರಟುಹೋಯಿತು.

ಮುಂದಿನ ಅಳತೆಯ ದಿನ ಎಲ್ಲರೂ ಸೇರಿದರು. ನೀಳಪ್ಪ ಅಂಚಿನಲ್ಲಿ ನಿಂತು ಎಣಿಸಿದ. ನಾಲ್ಕಕ್ಕೆ ನೀರು ಪಾದದ ಗಂಟಿಗಿತ್ತು. ಆರಕ್ಕೆ ಬೆರಳಿಗಿತ್ತು. ಒಂಬತ್ತಕ್ಕೆ ಕೆಸರು. ಹತ್ತು ಎನ್ನುವಾಗ ಅವನು ಆಚೆ ದಡದ ಒಣ ಮಣ್ಣಿನ ಮೇಲೆ ನಿಂತಿದ್ದ.

ಸ್ವಲ್ಪ ಹೊತ್ತು ತನ್ನ ಕಾಲನ್ನು ತಾನೇ ನೋಡಿಕೊಂಡ.

"ಅಳತೆ ತಪ್ಪಿಲ್ಲ," ಎಂದ ಕೊನೆಗೆ. "ಕೆರೆಯದೇ ತಪ್ಪು."

ಇಷ್ಟು ಹೇಳಿ ರೆಕ್ಕೆ ಬಿಚ್ಚಿ ದೂರದ ಹೊಳೆಯ ಕಡೆ ಹಾರಿಹೋದ. ರೆಕ್ಕೆ ದೊಡ್ಡದಿರುವವರು ಹೀಗೆ ಹೋಗಿಬಿಡಬಹುದು. ಉಳಿದವರು ಒಂದು ಹೊಂಡದಷ್ಟು ಕೆಸರುನೀರಿನ ಸುತ್ತ ನಿಂತರು. ಮುಂದಿನ ಮಳೆಗೆ ಇನ್ನೂ ಏಳು ತಿಂಗಳಿತ್ತು.

ಕೋರೆಯಣ್ಣ ಪುಕ್ಕಿಯ ಕಡೆ ತಿರುಗಿದ. "ನೀನು ಸ್ವಲ್ಪ ಸಮಾಧಾನವಾಗಿ ಹೇಳಿದ್ದರೆ ನಾವು ಕೇಳುತ್ತಿದ್ದೆವು. ಕಿರುಚಿದರೆ ಯಾರಿಗೆ ತಾನೇ ಕೇಳಬೇಕು ಅನ್ನಿಸುತ್ತದೆ?"

"ಮೊದಲ ದಿನ ಅಣ್ಣಾ ಅಂದೆ," ಎಂದಳು ಪುಕ್ಕಿ. "ನೀನು ಹೊಟ್ಟೆಯುರಿ ಅಂದೆ. ನನ್ನ ದನಿ ಚೆನ್ನಾಗಿಲ್ಲ ಅಂತ ನೀರು ನಿಂತು ಕಾಯುತ್ತಿತ್ತಾ? ನೀನು ಗಡ್ಡೆ ತಿಂದದ್ದಕ್ಕೇ ನನ್ನ ಐದು ಮಕ್ಕಳು ನರಿಯ ಬಾಯಿಗೆ ಹೋದವು ಅಂತ ತಿಳಿದುಕೋ. ಈಗ ಇನ್ನೊಂದು ಮಾತು ಕೇಳು, ಇದು ಸಿಟ್ಟಿನಲ್ಲೇ ಹೇಳುವ ಮಾತು. ಈ ಹೊಂಡದ ಕೆಸರು ಇವತ್ತು ಮೆತ್ತಗಿದೆ. ನಾಳೆ ಒಣಗಿ ಕಲ್ಲಾಗುತ್ತದೆ. ಇದನ್ನು ಇವತ್ತೇ ಕೊರಕಲಿಗೆ ಮೆತ್ತಬೇಕು. ಇಲ್ಲದಿದ್ದರೆ ಮುಂದಿನ ಮಳೆಯೂ ಇದೇ ದಾರಿಯಲ್ಲಿ ಹೋಗುತ್ತದೆ."

"ಬಿಸಿಲು ಬಹಳ ಇದೆ," ಎಂದ ಕೋರೆಯಣ್ಣ. "ನಾಳೆ ನೋಡೋಣ," ಎಂದು ಉಳಿದಿದ್ದ ಆ ಒಂದೇ ಹೊಂಡದಲ್ಲಿ ಮೈ ಚೆಲ್ಲಿ ಹೊರಳಾಡಿದ.

ಚಿಪ್ಪಜ್ಜ ಇದನ್ನು ನೋಡುತ್ತಿದ್ದ. ಮಲಗಲು ಕೆಸರು ಅಗೆಯುತ್ತಿದ್ದವನು ನಿಲ್ಲಿಸಿದ. ಹಂದಿಯ ಮಗ್ಗುಲಿನ ಒಂದು ಮುದ್ದೆ ಕೆಸರನ್ನು ಚಿಪ್ಪಿನ ಅಂಚಿನಿಂದ ತಳ್ಳುತ್ತಾ ದಿಬ್ಬದ ಕಡೆ ನಡೆದ. ಪುಕ್ಕಿ ಅವನಿಗೆ ಧನ್ಯವಾದ ಹೇಳಲಿಲ್ಲ. ಯಾಕೆ ಹೇಳಬೇಕು? ಕತ್ತಲಾಗುವವರೆಗೆ ಇಬ್ಬರೂ ತಳ್ಳಿದರು, ಮೆತ್ತಿದರು. ಕೊರಕಲು ಬುಡದಿಂದ ಒಂದು ಗೇಣು ಎತ್ತರಕ್ಕೆ ಮಾತ್ರ ತುಂಬಿತು. ಮರುದಿನ ಮಣ್ಣು ಕಲ್ಲಾಗಿತ್ತು. ಕೋರೆಯಣ್ಣ ಎದ್ದು ನೀರು ಹುಡುಕುತ್ತಾ ಹೋದ.

ಏಳು ತಿಂಗಳ ನಂತರ ಮಳೆ ಬಂತು, ಬೇರೆಡೆ ನೀರು ಹುಡುಕಿಕೊಂಡು ಹೋಗಿದ್ದ ಪುಕ್ಕಿಯೂ ಮರಳಿ ಬಂದಳು. ಕೆರೆ ಮೊದಲಿನಂತೆ ತುಂಬಲಿಲ್ಲ. ಆ ಒಂದು ಗೇಣಿನ ಮಟ್ಟಕ್ಕೆ ನಿಂತಿತು, ಉಳಿದದ್ದೆಲ್ಲ ಕೊರಕಲಿನಲ್ಲಿ ಹೋಯಿತು. ಆ ಗೇಣು ನೀರಿನ ದಡಕ್ಕೆ ಕೋರೆಯಣ್ಣ ಬಂದ. ಪಕ್ಕೆಲುಬು ಎಣಿಸುವಷ್ಟು ಬಡಕಲಾಗಿದ್ದ. ಹೊಳೆಯ ಹಂದಿಗಳು ಅವನನ್ನು ಕಚ್ಚಿ ಅಟ್ಟಿದ್ದವು.

ಪುಕ್ಕಿ ಅವನ ದಾರಿಗೆ ಅಡ್ಡ ನಿಂತಳು. ಅಷ್ಟು ಸಣ್ಣ ಹಕ್ಕಿ, ಅಷ್ಟು ದೊಡ್ಡ ಪ್ರಾಣಿ.

"ಮೊದಲು ಮಣ್ಣು," ಎಂದಳು. "ಆಮೇಲೆ ನೀರು."

ಕೋರೆಯಣ್ಣ ಅವಳ ಕಣ್ಣನ್ನು ನೋಡಿದ. ಆಮೇಲೆ ದಿಬ್ಬಕ್ಕೆ ಹೋಗಿ ಮೂತಿಯನ್ನು ಕೆಸರಿಗೆ ಹಾಕಿ ಕೊರಕಲಿನೊಳಕ್ಕೆ ತಳ್ಳತೊಡಗಿದ. ಅವನು ತಳ್ಳುವುದನ್ನು ಪುಕ್ಕಿ ಸಂಜೆಯವರೆಗೂ ನಿಂತು ನೋಡಿದಳು. ಅವಳ ಸಿಟ್ಟು ಇಳಿದಿರಲಿಲ್ಲ. ಅದು ಇಳಿಯಬೇಕು ಎಂದು ನನಗೂ ಅನ್ನಿಸುವುದಿಲ್ಲ.

ನೀತಿ: ತಾನು ನಿಂತ ಜಾಗದಿಂದ ಮಾತ್ರ ಲೋಕವನ್ನು ಅಳೆಯುವವನಿಗೆ, ಲೋಕ ಬರಿದಾಗುವವರೆಗೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.