ಕುದುರೆ ಮಣ್ಣಿನಲ್ಲಿ ಬಿಟ್ಟ ಅಳತೆ

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈ ಪೂರ್ತಿ ಒಣಗಿರಲಿಲ್ಲ. ಹೊಳೆಗೆ ತನ್ನ ದಾರಿ ಇನ್ನೂ ಬಾಯಿಪಾಠ ಆಗಿರಲಿಲ್ಲ. ಅಲ್ಲಲ್ಲಿ ನಿಂತು, ಗಾಳಿಯನ್ನು ಕೇಳಿಕೊಂಡು ಮುಂದೆ ಹೋಗುತ್ತಿತ್ತು.

ಆ ಕಾಲದಲ್ಲಿ ಕೆಂಚಜ್ಜಿ ಅಂತ ಒಬ್ಬಳು ಸೂಲಗಿತ್ತಿ ಇದ್ದಳು. ಸುತ್ತಲಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವು. ಈಗ ಅವಳ ಮಂಡಿ ಸೋತಿತ್ತು. ಬೆಟ್ಟದಾಚೆ ಒಬ್ಬಳು ತುಂಬು ಬಸುರಿ ಕಾಯುತ್ತಿದ್ದಳು. ಹುಣ್ಣಿಮೆಯೊಳಗೆ ಅಜ್ಜಿ ಅಲ್ಲಿಗೆ ಹೋಗಲೇಬೇಕು.

"ನಾನು ಹೊತ್ತುಕೊಂಡು ಹೋಗ್ತೀನಿ," ಅಂತು ಕುದುರೆ. "ಆದರೆ ಅಜ್ಜಿ, ನಿನ್ನ ಮೂಳೆ ಚುಚ್ಚುತ್ತೆ. ನಡುವೆ ಏನಾದರೂ ಹಾಕು."

ಅಜ್ಜಿಯ ಮೊಮ್ಮಗಳು ಬೊಮ್ಮಕ್ಕ ತೊಗಲು ಹೊಲಿಯುವವಳು. ಮಾತು ಕಡಿಮೆ, ಕಣ್ಣು ಚುರುಕು. ಆಗ ಯಾವ ಕುದುರೆಗೂ ಜೀನು ಇರಲಿಲ್ಲ, ನೋಡಿ ಕಲಿಯೋಣವೆಂದರೆ ಎಲ್ಲೂ ಇಲ್ಲ. ಬೊಮ್ಮಕ್ಕ ಅಜ್ಜಿಯನ್ನು ದಿಮ್ಮಿಯ ಮೇಲೆ ಕೂರಿಸಿ, ದಾರದಲ್ಲಿ ಅಳೆದು, ಜೀನು ಹೊಲಿದಳು.

"ಆಹಾ, ತೊಟ್ಟಿಲು ಕಣೇ!" ಅಂದಳು ಅಜ್ಜಿ.

ಕುದುರೆ ಹತ್ತು ಹೆಜ್ಜೆ ನಡೆದು ನಿಂತುಬಿಟ್ಟಿತು. "ಹೆಗಲು ಕಚ್ಚುತ್ತೆ."

ಬೊಮ್ಮಕ್ಕ ಜೀನು ಬಿಚ್ಚಿ, ಹತ್ತಿ ತುಂಬಿ, ಮತ್ತೆ ಹೊಲಿದಳು.

"ಈಗಂತೂ ಹಾಸಿಗೆ ಕಣೇ!" ಅಂದಳು ಅಜ್ಜಿ.

ಕುದುರೆ ಇಪ್ಪತ್ತು ಹೆಜ್ಜೆ ನಡೆದು ನಿಂತುಬಿಟ್ಟಿತು. "ಬೆನ್ನುಮೂಳೆ ಉರಿಯುತ್ತೆ."

"ಏನು ನಾಜೂಕು ಇದರದ್ದು!" ಅಜ್ಜಿ ಗೊಣಗಿದಳು. "ಮದುಮಗಳೂ ಇಷ್ಟು ಆಡಲ್ಲ."

"ಅಜ್ಜಿ, ಕೂರೋದು ನೀನು, ಹೊರೋದು ನಾನು. ಇನ್ನೊಂದೇ ಸಲ ನೋಡ್ತೀನಿ. ಆಮೇಲೆ ಕಾಡಿಗೆ ಹೊರಟೆ, ಕರೆಯಬೇಡಿ."

ಬೊಮ್ಮಕ್ಕನಿಗೆ ಚುರುಕ್ ಅಂತು. ಎರಡು ಸಲವೂ ಹೊಲಿದದ್ದು ಅಜ್ಜಿಯ ಅಳತೆಗೆ! ಕುದುರೆಯನ್ನು ಅಳೆದೇ ಇಲ್ಲ. ದಾರ ತಂದಳು. ದಾರ ಉದ್ದ ಹೇಳಿತು, ಅಗಲ ಹೇಳಿತು, ಉಬ್ಬುತಗ್ಗು ಹೇಳಲಿಲ್ಲ.

"ಕಾಗೆಯಣ್ಣ, ದಿನಾ ಇದರ ಮೇಲೆ ಕೂರ್ತೀಯಲ್ಲ, ಬೆನ್ನು ಹೇಗಿದೆ?" ಅಂತ ಮೆಲ್ಲಗೆ ಕೇಳಿದಳು.

"ನನಗೆ ಎರಡು ಕಾಲಿಡೋಕೆ ಜಾಗ ಸಾಕವ್ವ, ಅಷ್ಟೆಲ್ಲ ಯಾರು ನೋಡ್ತಾರೆ!"

ಹುಣ್ಣಿಮೆಗೆ ನಾಲ್ಕೇ ದಿನ ಉಳಿಯಿತು. ಉರಿ ತಾಳದೆ ಕುದುರೆ ಹೊಳೆದಂಡೆಯ ಹಸಿ ಜೇಡಿಮಣ್ಣಿನಲ್ಲಿ ಅಂಗಾತ ಬಿದ್ದು, ನಾಲ್ಕು ಕಾಲೂ ಮೇಲೆ ಮಾಡಿ ಹೊರಳಿತು. ಎದ್ದು ಮೈ ಕೊಡವಿತು.

ಬೊಮ್ಮಕ್ಕ ಕಣ್ಣರಳಿಸಿದಳು. ಮಣ್ಣಿನಲ್ಲಿ ಕುದುರೆಯ ಬೆನ್ನು! ಮುಂದೆ ಹೆಗಲಿನ ಗುಂಡಿ, ನಡುವೆ ಮೂಳೆಯ ಆಳವಾದ ಗೆರೆ, ಎರಡೂ ಕಡೆ ಪಕ್ಕೆಗಳ ಅಗಲ.

ಇದೇನೆಂದು ನೋಡಲು ಹೊಳೆ ದಂಡೆಯತ್ತ ನಾಲಿಗೆ ಚಾಚಿತು. ಹುಟ್ಟಿದ ಮೇಲೆ ಮೊದಲ ಸಲ ಬೊಮ್ಮಕ್ಕ ಕಿರುಚಿದಳು: "ಅಳಿಸಬೇಡಮ್ಮಾ! ಅಲ್ಲೇ ನಿಲ್ಲು!"

ಹೊಳೆ ಬೆಚ್ಚಿ ಹಿಂದೆ ಸರಿಯಿತು. "ಅಯ್ಯೋ, ಇವಳಿಗೆ ಗಂಟಲಿತ್ತಾ?" ಅಂತು ಗಾಳಿ.

"ನೀನು ಸುಮ್ಮನೆ ಊದು!"

ನೆನೆಸಿದ ತೊಗಲನ್ನು ಆ ಮಣ್ಣಿನ ಅಚ್ಚಿನೊಳಗೆ ಒತ್ತಿ ಹಾಸಿದಳು. ಗಾಳಿ ಎರಡು ದಿನ ಊದಿತು. ಒಣಗಿದ ಮೇಲೆ ತೆಗೆದು ಮಗುಚಿದರೆ, ಕುದುರೆಯ ಬೆನ್ನೇ! ಮೂಳೆಗೆ ಏನೂ ತಾಗದಂತೆ ನಡುವೆ ಓಣಿ ಬಿಟ್ಟು, ಒಳಗಡೆ ಎರಡೂ ಪಕ್ಕ ಮೆತ್ತೆ ಹೊಲಿದಳು.

ಕುದುರೆ ಹತ್ತು ಹೆಜ್ಜೆ ಇಟ್ಟಿತು. ಇಪ್ಪತ್ತು ಹೆಜ್ಜೆ ಇಟ್ಟಿತು. ನಿಲ್ಲಲೇ ಇಲ್ಲ, ಬೆಟ್ಟ ಹತ್ತಿತು.

"ನಿಧಾನ ಕಣೋ, ಹೆರಿಗೆ ನನಗಲ್ಲ!" ಅಜ್ಜಿಯ ಕೂಗು ದೂರದಿಂದ ಕೇಳಿಸಿತು.

ಹುಣ್ಣಿಮೆಯ ಬೆಳಿಗ್ಗೆ ಗಾಳಿ ಬೆಟ್ಟದಾಚೆಯಿಂದ ಮಗುವಿನ ಅಳು ಹೊತ್ತು ತಂದಿತು. ಬೊಮ್ಮಕ್ಕ ಒಬ್ಬಳೇ ನಕ್ಕಳು.

ಮಳೆಗಾಲ ಬಂತು. ಕುದುರೆ ಹಸಿ ಹುಲ್ಲು ತಿಂದು ದುಂಡಗಾಯಿತು. "ಬೊಮ್ಮಕ್ಕಾ, ಜೀನು ಮತ್ತೆ ಕಚ್ಚುತ್ತೆ!"

"ಜೀನು ಹಾಗೇ ಇದೆ, ಊದಿರೋದು ನೀನು. ಇಳಿಸಿದಾಗೆಲ್ಲ ಮಣ್ಣಿನಲ್ಲಿ ಹೊರಳಿ ಅಳತೆ ಕೊಟ್ಟು ಹೋಗು, ನಾನು ನೋಡ್ಕೋತೀನಿ."

ಅದಕ್ಕೇ ಪುಟ್ಟಾ, ಇವತ್ತಿಗೂ ಜೀನು ಇಳಿಸಿದ ಕೂಡಲೇ ಕುದುರೆ ಮಣ್ಣು ಕಂಡಲ್ಲಿ ಅಂಗಾತ ಬಿದ್ದು ಹೊರಳುತ್ತದೆ. ಎದ್ದು ಮೈ ಕೊಡವಿ, ಅಳತೆ ಸರಿಯಾಗಿ ಬಿತ್ತೋ ಇಲ್ಲವೋ ಅಂತ ಒಂದು ಸಲ ನೆಲ ಮೂಸಿ ನೋಡುತ್ತದೆ.